ಆಟೋಕ್ಯಾಡ್: ಬ್ಲಾಕ್ ಎಲ್ಲೋ ಹೋಗಿ ಕೂರುತ್ತಿದೆಯಾ? ಬೇಸ್ ಪಾಯಿಂಟ್ ಬದಲಿಸಿ

ತುಮಕೂರಿನಲ್ಲಿ ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಮನೆ ಪ್ಲಾನ್ ಹಾಕುವವರ ಕಂಪ್ಯೂಟರಿನಲ್ಲಿ ಬಾಗಿಲು, ಕಿಟಕಿ, ಕಾಲಮ್, ಸಿಂಕು ಎಲ್ಲಕ್ಕೂ ಒಂದೊಂದು ಬ್ಲಾಕ್, ಅಂದರೆ ಒಮ್ಮೆ ಬರೆದಿಟ್ಟು ಬೇಕಾದಾಗ ತಂದು ಕೂರಿಸುವ ಚಿತ್ರ, ಇರುತ್ತದೆ. ಒಂದು 30-40 ಸೈಟಿನ ಡ್ರಾಯಿಂಗ್‌ನಿಂದ ಇನ್ನೊಂದಕ್ಕೆ ಅದೇ ಬ್ಲಾಕ್ ಹೋಗುತ್ತಿರುತ್ತದೆ. ಅವುಗಳಲ್ಲಿ ಒಂದು ತರಲೆ ಬ್ಲಾಕ್ ಇದ್ದೇ ಇರುತ್ತದೆ. ಇನ್ಸರ್ಟ್ ಕೊಟ್ಟರೆ ಕರ್ಸರ್ ಒಂದು ಕಡೆ, ಬಾಗಿಲು ಇನ್ನೊಂದು ಕಡೆ.

ಸಾಮಾನ್ಯವಾಗಿ ಆಗಿರುವುದು ಇಷ್ಟೆ. ಬ್ಲಾಕ್ ಮಾಡುವಾಗ ‘ಪಿಕ್ ಪಾಯಿಂಟ್’ ಒತ್ತದೆ ಓಕೆ ಕೊಟ್ಟಿದ್ದಾರೆ. ಆಗ ಡ್ರಾಯಿಂಗ್‌ನ 0,0 ಬಿಂದುವೇ ಬೇಸ್ ಪಾಯಿಂಟ್, ಅಂದರೆ ಇನ್ಸರ್ಟ್ ಮಾಡುವಾಗ ಕರ್ಸರ್ ಹಿಡಿಯುವ ಬಿಂದು, ಆಗಿ ಕೂತಿದೆ.

ಮೊದಲು ಹೊಸ ಬಿಂದು ಎಲ್ಲಿರಬೇಕು ಅಂತ ಯೋಚಿಸಿ. ಬಾಗಿಲಿಗೆ ಹಿಂಜ್ ಬರುವ ಮೂಲೆ. ಕಾಲಮ್‌ಗೆ ನಡುಮಧ್ಯ, ಯಾಕಂದ್ರೆ ಸೈಟಿನಲ್ಲಿ ಮಾರ್ಕಿಂಗ್ ಮಾಡುವುದೂ ಸೆಂಟರ್ ಲೈನ್ ಹಿಡಿದೇ. ವಾಷ್ ಬೇಸಿನ್‌ಗೆ ಗೋಡೆಗೆ ತಾಗುವ ಅಂಚಿನ ಮಧ್ಯ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡುಗಳಿಗೆ ಮೆಷಿನ್ ಡ್ರಾಯಿಂಗ್ ಮಾಡುವವರಾದರೆ ಬೋಲ್ಟಿನ ಸೆಂಟರ್.

ಈಗ ‘ಬಿಇ’ (BE) ಎಂದು ಟೈಪ್ ಮಾಡಿ ಎಂಟರ್ ಒತ್ತಿ, ಬ್ಲಾಕ್ ಹೆಸರು ಆರಿಸಿ. ಬ್ಲಾಕ್ ಎಡಿಟರ್ ತೆರೆಯುತ್ತದೆ. ಇದು ಆಟೋಕ್ಯಾಡ್ 2006ರಿಂದ ಇದೆ, ಹಾಗಾಗಿ ಹಳೇ ವರ್ಷನ್ ಇದ್ದರೂ ಚಿಂತೆಯಿಲ್ಲ. ಇಲ್ಲಿ 0,0 ಎಲ್ಲಿದೆಯೋ ಅದೇ ಬೇಸ್ ಪಾಯಿಂಟ್. ಫ್ರೀಜ್, ಲಾಕ್ ಆದ ಲೇಯರ್‌ಗಳನ್ನು ಮೊದಲೇ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಅವುಗಳಲ್ಲಿರುವ ಗೆರೆಗಳು ಹಿಂದೆಯೇ ಉಳಿಯುತ್ತವೆ. ಆಮೇಲೆ ಎಲ್ಲವನ್ನೂ ಸೆಲೆಕ್ಟ್ ಮಾಡಿ ಮೂವ್ ಕೊಡಿ. ಮೊದಲ ಬಿಂದುವಾಗಿ ಹಿಂಜ್ ಮೂಲೆಯನ್ನು ಸ್ನ್ಯಾಪ್ ಹಿಡಿದು ಒತ್ತಿ. ಎರಡನೆಯದಕ್ಕೆ #0,0 ಟೈಪ್ ಮಾಡಿ.

ಆ # ಬಿಡಬೇಡಿ. ಡೈನಾಮಿಕ್ ಇನ್‌ಪುಟ್ (ಕರ್ಸರ್ ಪಕ್ಕದಲ್ಲೇ ಟೈಪ್ ಮಾಡುವ ಸೌಲಭ್ಯ) ಆನ್ ಇದ್ದಾಗ ಬರೀ 0,0 ಅಂದರೆ ‘ಇಲ್ಲಿಂದ ಸೊನ್ನೆ ದೂರ’ ಎಂದು ಅರ್ಥ. ಬ್ಲಾಕ್ ಅಲ್ಲಾಡುವುದೇ ಇಲ್ಲ. ಎಫ್12 ಒತ್ತಿ ಡೈನಾಮಿಕ್ ಇನ್‌ಪುಟ್ ಆಫ್ ಮಾಡಿದರೆ ಬರೀ 0,0 ಸಾಕು. ಕೊನೆಗೆ ‘ಬಿಸಿ’ (BC) ಕೊಟ್ಟು, ಸೇವ್ ಮಾಡಿ ಹೊರಗೆ ಬನ್ನಿ.

ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ನಿಜವಾದ ತಲೆನೋವು ಇರುವುದು ಇಲ್ಲೇ. ಡ್ರಾಯಿಂಗ್‌ನಲ್ಲಿ ಈಗಾಗಲೇ ಕೂತಿರುವ ಬಾಗಿಲುಗಳ ಇನ್ಸರ್ಷನ್ ಪಾಯಿಂಟ್ (ಅವನ್ನು ಕೂರಿಸಿದ ಬಿಂದು) ಇದ್ದಲ್ಲೇ ಇರುತ್ತದೆ, ಗೆರೆಗಳು ಮಾತ್ರ ಜರುಗುತ್ತವೆ. 900 ಮಿ.ಮೀ. ಬಾಗಿಲಿನ ಬೇಸ್ ಪಾಯಿಂಟ್ ಮಧ್ಯದಿಂದ ಮೂಲೆಗೆ ಬಂದರೆ, ಮನೆಯ ಅಷ್ಟೂ ಬಾಗಿಲುಗಳು 450 ಮಿ.ಮೀ. ಸರಿದು ಗೋಡೆಯೊಳಗೆ ನುಗ್ಗುತ್ತವೆ. ಅದೂ ಒಂದೇ ದಿಕ್ಕಿಗಲ್ಲ. ತಿರುಗಿಸಿ ಕೂರಿಸಿದ್ದು ಒಂದು ಕಡೆ, ಮಿರರ್ ಮಾಡಿದ್ದು ಇನ್ನೊಂದು ಕಡೆ. ಒಂದೇ ದಿಕ್ಕಿನವಾದರೆ ‘ಸೆಲೆಕ್ಟ್ ಸಿಮಿಲರ್’ ಮಾಡಿ ಒಟ್ಟಿಗೇ ವಾಪಸ್ ಸರಿಸಬಹುದು. ಪ್ಲಾನ್‌ನಲ್ಲಿ ಅಂಥ ಅದೃಷ್ಟ ಕಡಿಮೆ, ಅಲ್ವಾ?

ಹಾಗಾಗಿ ಮುಗಿದ ಡ್ರಾಯಿಂಗ್‌ನ ಬ್ಲಾಕನ್ನು ಮುಟ್ಟದಿರುವುದೇ ಜಾಣತನ. ಎಡಿಟರ್ ತೆರೆದ ತಕ್ಷಣ, ಏನನ್ನೂ ಸರಿಸುವ ಮೊದಲೇ, ‘ಬಿಸೇವ್‌ಆ್ಯಸ್’ (BSAVEAS) ಕೊಟ್ಟು ಹೊಸ ಹೆಸರಿಡಿ. ಹಳೇ ಬಾಗಿಲುಗಳು ಹಾಗೇ ಇರುತ್ತವೆ, ಮುಂದಕ್ಕೆ ಹೊಸದನ್ನು ಬಳಸಿ. ಕೂತ ಬ್ಲಾಕ್ ಕದಲದಂತೆ ಬೇಸ್ ಪಾಯಿಂಟ್ ಮಾತ್ರ ಬದಲಿಸುವ ಚಿಕ್ಕ ಲಿಸ್ಪ್ (ಆಟೋಕ್ಯಾಡ್ ಒಳಗೆ ಓಡುವ ಪ್ರೋಗ್ರಾಮಿಂಗ್ ಭಾಷೆ) ಪ್ರೋಗ್ರಾಮ್‌ಗಳೂ ಉಚಿತವಾಗಿ ಸಿಗುತ್ತವೆ. 2024ರ ವರ್ಷನ್‌ನಿಂದ ಕಡಿಮೆ ಸೌಲಭ್ಯದ ಆಟೋಕ್ಯಾಡ್ ಎಲ್‌ಟಿಯಲ್ಲೂ ಲಿಸ್ಪ್ ಓಡುತ್ತದೆ.

ಬ್ಲಾಕ್‌ನಲ್ಲಿ ‘ಡಿ1’, ‘ಡಬ್ಲ್ಯೂ2’ ತರಹದ ಆ್ಯಟ್ರಿಬ್ಯೂಟ್ (ಬ್ಲಾಕ್ ಜೊತೆ ಬರುವ ಬದಲಿಸಬಹುದಾದ ಬರಹ) ಇದ್ದರೆ ಅಕ್ಷರಗಳು ಹಳೇ ಜಾಗದಲ್ಲೇ ತೇಲುತ್ತಿರುತ್ತವೆ. ‘ಆ್ಯಟ್‌ಸಿಂಕ್’ (ATTSYNC) ಕೊಟ್ಟರೆ ಸರಿಹೋಗುತ್ತದೆ. ಆದರೆ ಒಂದೊಂದರ ಬಣ್ಣ, ಸೈಜು ಕೈಯಾರೆ ಬದಲಿಸಿದ್ದರೆ ಅದು ಅಳಿಸಿಹೋಗುತ್ತದೆ.

ಡೈನಾಮಿಕ್ ಬ್ಲಾಕ್ (ಅಳತೆ, ರೂಪ ಬದಲಿಸಬಹುದಾದ ಬ್ಲಾಕ್) ಆದರೆ ಮೂವ್ ಸಹವಾಸ ಬೇಡ. ಬೇರೆ ವಿಸಿಬಿಲಿಟಿ ಸ್ಟೇಟ್‌ನಲ್ಲಿ (ಒಂದೇ ಬ್ಲಾಕ್‌ನ ಬೇರೆ ರೂಪದಲ್ಲಿ) ಅಡಗಿರುವ ಗೆರೆಗಳು ಸೆಲೆಕ್ಟ್ ಆಗುವುದೇ ಇಲ್ಲ. ಎಡಿಟರ್‌ನ ಪ್ಯಾರಾಮೀಟರ್ಸ್ ಟ್ಯಾಬ್‌ನಲ್ಲಿರುವ ‘ಬೇಸ್‌ಪಾಯಿಂಟ್’ ತೆಗೆದುಕೊಂಡು ಬೇಕಾದ ಕಡೆ ಇಡಿ, ಸಾಕು.

ಬ್ಲಾಕ್ ಪ್ರತ್ಯೇಕ ಡಿಡಬ್ಲ್ಯೂಜಿ (ಆಟೋಕ್ಯಾಡ್ ಡ್ರಾಯಿಂಗ್) ಫೈಲ್ ಆಗಿದ್ದರೆ ದಾರಿ ಇನ್ನೂ ಸುಲಭ. ಆ ಫೈಲ್ ತೆರೆದು ‘ಬೇಸ್’ (BASE) ಕಮಾಂಡ್ ಕೊಟ್ಟು, ಬಿಂದು ಒತ್ತಿ ಸೇವ್ ಮಾಡಿ. ಆದರೆ ಹಿಂದೆ ಅದನ್ನು ತಂದು ಬಳಸಿದ ಡ್ರಾಯಿಂಗ್‌ಗಳು ತಮ್ಮದೇ ಪ್ರತಿ ಇಟ್ಟುಕೊಂಡಿರುತ್ತವೆ. ಅಲ್ಲಿ ಮತ್ತೆ ಇನ್ಸರ್ಟ್ ಮಾಡಿ ‘ರೀಡಿಫೈನ್’ ಒಪ್ಪಿಕೊಳ್ಳುವವರೆಗೂ ಹಳೇ ಬೇಸ್ ಪಾಯಿಂಟೇ ಇರುತ್ತದೆ.