ಯಾಂಪಾ ನದಿಯಲ್ಲಿ ಮೀನು ಎಣಿಸಿದ ನಾಲ್ಕು ಬೇಸಿಗೆ

ನನ್ನ ಕೆಲಸ ಏನು ಅಂತ ಮೊದಲ ಸಲ ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಅಲ್ವೇ ಮಾರಾಯ್ತಿ, ಮೀನು ಕೊಲ್ಲೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ?’ ಅಂದಳು.

ನಮ್ಮದು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಮೀನು ತಿನ್ನುತ್ತೇವೆ. ಆದರೆ ಶೃಂಗೇರಿಯ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿದು ಬರುತ್ತೇವೆ. ಅದು ದೇವರ ಮೀನು. ಹಾಗೆ ಬೆಳೆದು, ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿ, ಮುಂದಿನ ಓದಿಗೆ ಕೊಲೊರಾಡೋಗೆ ಬಂದೆ. ಬೇಸಿಗೆಗೆ ಸಿಕ್ಕ ಕೆಲಸ ಇದು: ರಾಜ್ಯದ ವಾಯವ್ಯ ಮೂಲೆಯ ಯಾಂಪಾ ನದಿಯಲ್ಲಿ ಹೊರಗಿನಿಂದ ಬಂದ ಬೇಟೆಗಾರ ಮೀನುಗಳನ್ನು ಹಿಡಿಯುವುದು, ಅಳೆಯುವುದು, ತೆಗೆಯುವುದು. ಅಂಥ ನಾಲ್ಕು ಬೇಸಿಗೆ ಆಯಿತು.

ಯಾಂಪಾ ಹರಿದು ಗ್ರೀನ್ ನದಿ ಸೇರುತ್ತದೆ, ಗ್ರೀನ್ ಹೋಗಿ ಕೊಲೊರಾಡೋ ನದಿ ಸೇರುತ್ತದೆ. ಈ ನೀರಿನಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ನಾಲ್ಕು ಮೀನುಗಳಿವೆ. ಅವನ್ನು ಉಳಿಸಲು 1988ರಿಂದ ಒಂದು ದೊಡ್ಡ ಕಾರ್ಯಕ್ರಮ ನಡೆಯುತ್ತಿದೆ. ನಾಲ್ಕರಲ್ಲಿ ನನಗೆ ಇಷ್ಟದ್ದು ಕೊಲೊರಾಡೋ ಪೈಕ್‌ಮಿನ್ನೋ. ಹಿಂದೆಲ್ಲ ಆರಡಿ ಉದ್ದ, 35 ಕೆ.ಜಿ.ವರೆಗೆ ಬೆಳೆಯುತ್ತಿತ್ತಂತೆ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ನಮ್ಮ ದೇವರ ಮೀನಿಗೂ ಹಾಗೇ ಅಲ್ವಾ? ಎರಡೂ ಕಾರ್ಪ್ ಕಡೆಯವು, ದೂರದ ನೆಂಟರು. ಮೊದಲ ಸಲ ಅದನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟಾಗ ಮಂಡಕ್ಕಿ ನೆನಪಾಗಿತ್ತು.

ಈಗ ಶತ್ರುಗಳು. ಒಂದು ನಾರ್ದರ್ನ್ ಪೈಕ್, ಇನ್ನೊಂದು ಸ್ಮಾಲ್‌ಮೌತ್ ಬ್ಯಾಸ್. ಮೂರನೆಯದು ವಾಲ್‌ಐ, ಅದು ಗ್ರೀನ್ ನದಿಯಲ್ಲಿ ಜಾಸ್ತಿ. (ಪೈಕ್ ಬೇರೆ, ಪೈಕ್‌ಮಿನ್ನೋ ಬೇರೆ. ಮೊದಲ ವಾರ ಡೇಟಾ ಹಾಳೆಯಲ್ಲಿ ನಾನೂ ಎರಡು ಸಲ ಎಡವಿದ್ದೆ.) ಇವು ತಾವಾಗಿ ಬಂದಿದ್ದಲ್ಲ. ಗಾಳ ಹಾಕುವವರ ಖುಷಿಗೆ ಅಂತ 1977ರಲ್ಲಿ ಎಲ್ಕ್‌ಹೆಡ್ ಎಂಬ ಜಲಾಶಯಕ್ಕೆ ಪೈಕ್ ಬಿಟ್ಟರು. ಅದು ತೊರೆ ಹಿಡಿದು ಯಾಂಪಾಕ್ಕೆ ಇಳಿಯಿತು. 1990ರ ದಶಕದ ಆರಂಭದಲ್ಲಿ ಅದೇ ಜಲಾಶಯದ ನೀರು ಇಳಿಸಿದಾಗ ಬ್ಯಾಸ್ ಕೂಡ ಹಿಂದೆಯೇ ಬಂತು. 2002ರ ಸುತ್ತಿನ ಬರದಲ್ಲಿ ನದಿ ಸೊರಗಿ ಬೆಚ್ಚಗಾಯಿತು. ಬ್ಯಾಸಿಗೆ ಬೇಕಾಗಿದ್ದೂ ಅದೇ.

ನಮ್ಮ ವರ್ಷ ಶುರುವಾಗುವುದು ಪೈಕ್ ಬೇಟೆಯಿಂದ. ಮಂಜು ಕರಗಿ ನದಿ ಏರತೊಡಗಿದಾಗ ಪಕ್ಕದ ತಗ್ಗು, ಹುಲ್ಲುಗಾವಲಿಗೆಲ್ಲ ನೀರು ನುಗ್ಗುತ್ತದೆ. ಪೈಕ್ ಮೊಟ್ಟೆಯಿಡಲು ಆ ಮುಳುಗಿದ ಹುಲ್ಲಿಗೆ ಬರುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿನ ಕಥೆಯೇ. ಬ್ಯಾಟರಿ, ಕತ್ತಿ ಹಿಡಿದು ಅಪ್ಪನ ಹಿಂದೆ ಓಡುತ್ತಿದ್ದ ನನಗೆ ಮೀನು ಎಲ್ಲಿ ನಿಂತಿರುತ್ತದೆ ಅಂತ ಯಾರೂ ತೋರಿಸಬೇಕಾಗಲಿಲ್ಲ. ನಮ್ಮ ತಂಡದ ಮೇಸ್ತ್ರಿಗೆ ಅದೊಂದು ಆಶ್ಚರ್ಯ. (ಅವರನ್ನು ನಾನು ಮನಸ್ಸಿನಲ್ಲೇ ಮೇಸ್ತ್ರಿ ಅನ್ನುತ್ತಿದ್ದೆ.)

ಉಪಾಯ ಸರಳ. ನಿಂತ ನೀರಿನ ಬಾಯಿಗೆ ಅಡ್ಡ ಬಲೆ ಕಟ್ಟುತ್ತೇವೆ. ಆಮೇಲೆ ದೋಣಿಯನ್ನು ಒಳಗೆ ಒಯ್ದು ಕರೆಂಟು ಬಿಡುತ್ತೇವೆ. ತಪ್ಪಿಸಿಕೊಂಡು ಓಡುವ ಪೈಕ್ ಬಲೆಗೆ ಬಂದು ಬೀಳುತ್ತದೆ. ಕಷ್ಟವಿರುವುದು ಬಿಡಿಸುವಾಗ. ಅದರ ಹಲ್ಲು ಒಳಮುಖವಾಗಿ ಬಾಗಿರುತ್ತವೆ. ಬೆರಳು ಒಳಗೆ ಹೋದರೆ ಸುಮ್ನೆ ಎಳೆದುಕೊಳ್ಳಲು ಆಗುವುದಿಲ್ಲ. ನೀರು ಬೇರೆ ಐಸಿನ ಹಾಗಿರುತ್ತದೆ. ಗಾಯ ಆಗಿದ್ದು ಗೊತ್ತಾಗುವುದು ಹಾಳೆಯ ಮೇಲೆ ರಕ್ತ ಬಿದ್ದಾಗಲೇ.

ಗ್ರೀನ್ ನದಿಯ ಪಾಳಿಯಲ್ಲಿ ಒಂದು ಪೈಕ್ ಸಿಕ್ಕಿತ್ತು. ಸುಮಾರು 80 ಸೆಂ.ಮೀ. ಹೊಟ್ಟೆ ಉಬ್ಬಿತ್ತು. ಅಳೆದು ಬದಿಗಿಡುವಾಗ, ಅಭ್ಯಾಸಬಲದಿಂದ, ಅದರ ಮೇಲೆ ಸ್ಕ್ಯಾನರ್ ಆಡಿಸಿದೆ. ಬೀಪ್ ಅಂತು. ಸಾಕಿ ಬಿಡುವ ನಾಡಮೀನುಗಳ ಮೈಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಚಿಪ್ ಇರುತ್ತದೆ, ಪಿಟ್ ಟ್ಯಾಗ್. ಪ್ರತಿ ಮೀನಿಗೂ ಬೇರೆ ಬೇರೆ ನಂಬರ್. ಪೈಕಿಗೆ ಅದನ್ನು ಯಾರೂ ಹಾಕುವುದಿಲ್ಲ. ಹೊಟ್ಟೆ ಸೀಳಿದಾಗ ಒಳಗೆ ಒಂದು ರೇಜರ್‌ಬ್ಯಾಕ್ ಸಕ್ಕರ್, ಉಳಿಸಬೇಕಾದ ಆ ನಾಲ್ಕು ಮೀನುಗಳಲ್ಲಿ ಒಂದು. ತಲೆಯ ಭಾಗ ಕರಗಿತ್ತು, ಬೆನ್ನಿನ ಏಣು ಹಾಗೇ ಇತ್ತು. ಮೊಟ್ಟೆಕೇಂದ್ರದಲ್ಲಿ ಒಡೆದ ಮರಿಯನ್ನು ವರ್ಷಗಟ್ಟಲೆ ಸಾಕಿ, ಲಾರಿಯಲ್ಲಿ ತಂದು, ನೀರಿನ ಬಿಸಿ ಹೊಂದಿಸಿ ಬಿಟ್ಟಿರುತ್ತಾರೆ. ಪೈಕಿಗೆ ಅದು ಒಂದು ಹೊತ್ತಿನ ಊಟ. ನಂಬರ್ ಬರೆದುಕೊಂಡೆವು. ಆ ದಿನ ಅಮ್ಮನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ‘ಅಯ್ಯೋ, ಸಾಕಿದ್ದು ಪಾಪ’ ಅಂದಳು. ಅಲ್ಲಿಂದ ಮುಂದೆ ಕೊಲ್ಲುವ ಮಾತು ತೆಗೆಯಲಿಲ್ಲ.

ಕರೆಂಟಿನ ವಿಷಯ ಕೇಳಿದವರೆಲ್ಲ ಹೌಹಾರುತ್ತಾರೆ. ನಮ್ಮೂರಲ್ಲಿ ಕಂಬದ ವೈರ್ ಎಳೆದು ಹೊಳೆಗೆ ಬಿಡುವ ಕಳ್ಳಾಟ ಬೇರೆ, ಇದು ಬೇರೆ. ರಬ್ಬರ್ ದೋಣಿಯ ಮೇಲೆ ಅಲ್ಯೂಮಿನಿಯಂ ಚೌಕಟ್ಟು, ಜನರೇಟರ್, ಮುಂದೆ ಎರಡು ತೋಳಿನ ತುದಿಯಲ್ಲಿ ಲೋಹದ ಗುಂಡು. ನೀರಿಗೆ ಹೋಗುವುದು ತುಂಡು ತುಂಡಾಗಿ ಮಿಡಿಯುವ ಡಿಸಿ ಕರೆಂಟು. ಮೀನು ಗುಂಡಿನ ಕಡೆಗೇ ಎಳೆದ ಹಾಗೆ ಈಜಿ ಬಂದು ಮಂಪರಾಗುತ್ತದೆ. ಮುಂದೆ ನಿಂತವಳು ಉದ್ದ ಹಿಡಿಯ ಕೈಬಲೆಯಲ್ಲಿ ಎತ್ತಬೇಕು. ಕಾಲಡಿಯಲ್ಲೊಂದು ಪೆಡಲ್. ಕಾಲು ತೆಗೆದರೆ ಕರೆಂಟು ಬಂದ್. ಮಿಡಿತ ಜಾಸ್ತಿಯಾದರೆ ಮೀನಿನ ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ನಾಡಮೀನೂ ಅದೇ ನೀರಿನಲ್ಲಿರುತ್ತದಲ್ಲ, ಅದಕ್ಕೇ ಮಿಡಿತ ಕಡಿಮೆ ಇಡುತ್ತೇವೆ. ನಾಡಮೀನು ಬಂದರೆ ತೊಟ್ಟಿಗೆ, ಚೇತರಿಸಿಕೊಂಡ ಮೇಲೆ ನದಿಗೆ.

ಹಿಡಿಯುವುದು ಎರಡೇ ವಾರದಲ್ಲಿ ಕೈಗೆ ಹತ್ತಿತು. ತಲೆ ತಿಂದಿದ್ದು ಎಣಿಕೆ. ಇಷ್ಟು ತೆಗೆದೆವು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಇನ್ನೆಷ್ಟು ಉಳಿದಿವೆ ಅನ್ನುವುದು ಬೇಕು. ಅದಕ್ಕೇ ಮೊದಲ ಸುತ್ತಿನಲ್ಲಿ ಹಿಡಿದ ಬ್ಯಾಸಿನ ಬೆನ್ನಿಗೆ ಗುರುತಿನ ದಾರ ಚುಚ್ಚಿ ಮತ್ತೆ ನದಿಗೇ ಬಿಡುತ್ತೇವೆ. ಹೊಸಬರಿಗೆ ಇದು ಹುಚ್ಚು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಲೆಕ್ಕ ಹೀಗೆ: ನೂರು ಮೀನಿಗೆ ಗುರುತು ಹಾಕಿ ಬಿಟ್ಟೆವು ಅನ್ನಿ. ಮುಂದಿನ ಸುತ್ತಿನಲ್ಲಿ ಐವತ್ತು ಸಿಕ್ಕವು, ಅದರಲ್ಲಿ ಐದಕ್ಕೆ ಗುರುತಿದೆ. ಅಂದರೆ ಹತ್ತರಲ್ಲಿ ಒಂದು. ಹಾಗಾದರೆ ಆ ಭಾಗದಲ್ಲಿ ಒಟ್ಟು ಸಾವಿರದ ಹತ್ತಿರ ಇರಬೇಕು. ಬಿಡುವ ನೂರು ಮೀನು ಈ ಲೆಕ್ಕಕ್ಕೆ ನಾವು ಕೊಡುವ ಬೆಲೆ.

ಇಲ್ಲೇ ನಾನು ಒಂದು ದೊಡ್ಡ ಎಡವಟ್ಟು ಮಾಡಿದ್ದು. ಕಂಟ್ರೋಲ್ ಪೆಟ್ಟಿಗೆಯಲ್ಲಿ ಕರೆಂಟು ಎಷ್ಟು ಸೆಕೆಂಡ್ ಹರಿಯಿತು ಅಂತ ತೋರಿಸುವ ಮೀಟರ್ ಇರುತ್ತದೆ. ಗಂಟೆಗೆ ಎಷ್ಟು ಮೀನು ಅನ್ನುವ ಲೆಕ್ಕಕ್ಕೆ ಅದೇ ಆಧಾರ. ಪ್ರತಿ ತುಂಡು ನದಿ ಮುಗಿದಾಗ ಬರೆದುಕೊಂಡು ಸೊನ್ನೆ ಮಾಡಬೇಕು. ಎರಡನೇ ವರ್ಷ, ಜೂನಿನ ಒಂದು ದಿನ, ಸುರಿವ ಮಳೆಯಲ್ಲಿ ಮೂರು ತುಂಡು ಸೊನ್ನೆ ಮಾಡದೆ ದಾಟಿಬಿಟ್ಟೆ. ಮೀನಿನ ಉದ್ದ, ತೂಕ ಎಲ್ಲ ಅಚ್ಚುಕಟ್ಟಾಗಿದೆ, ಆದರೆ ಯಾವ ಭಾಗದಲ್ಲಿ ಎಷ್ಟು ಹೊತ್ತು ಹಿಡಿದೆವು ಗೊತ್ತಿಲ್ಲ. ಸಂಜೆ ಡೇರೆಯಲ್ಲಿ ಮೇಸ್ತ್ರಿ ಹಾಳೆ ನೋಡಿದರು. ಬೈಯಲಿಲ್ಲ. ಆ ಮೂರು ಸಾಲಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದು ವಾಪಸ್ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಬ್ಯಾಸಿನ ನಿಜವಾದ ಹೊತ್ತು ಜೂನ್, ಜುಲೈ. ನೀರು 16 ಡಿಗ್ರಿ ದಾಟಿದರೆ ಗಂಡು ಕಲ್ಲುಮರಳಿನಲ್ಲಿ ಬಾಲದಿಂದ ಗುಂಡಗೆ ಗೂಡು ಗುಡಿಸುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ, ಕಾಯುವುದು ಗಂಡು. ನಮ್ಮ ಕೆರೆಯ ಕೊರವ ಮರಿ ಕಾಯುತ್ತದಲ್ಲ, ಅಷ್ಟೇ ಹಟ. ದೋಣಿ ಮೇಲೆ ಬಂದರೂ ಕದಲುವುದಿಲ್ಲ. ಅದಕ್ಕೇ ಆ ದಿನಗಳಲ್ಲಿ ಒಂದೇ ಭಾಗದಲ್ಲಿ ಮತ್ತೆ ಮತ್ತೆ ಹೋಗುತ್ತೇವೆ. ಅಪ್ಪ ಇಲ್ಲದ ಗೂಡನ್ನು ಬೇರೆ ಮೀನುಗಳು ಗಂಟೆಯೊಳಗೆ ಖಾಲಿ ಮಾಡುತ್ತವೆ. ಕೆಲಸಕ್ಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ, ಮನಸ್ಸಿಗೆ ಇದಕ್ಕಿಂತ ಕೆಟ್ಟ ಸಮಯವೂ ಇಲ್ಲ. ಕಾಯುತ್ತಿರುವುದನ್ನೇ ಎತ್ತುವುದು ನನಗೆ ನಾಲ್ಕನೇ ವರ್ಷಕ್ಕೂ ಸಲೀಸಾಗಲಿಲ್ಲ.

ದೋಣಿ ಒಂದರಿಂದಲೇ ಗೆಲ್ಲಲು ಆಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ದೊಡ್ಡವನ್ನು ತೆಗೆದಷ್ಟೂ ಉಳಿದ ಮರಿಗಳಿಗೆ ಜಾಗ, ಊಟ ಎರಡೂ ಜಾಸ್ತಿ. ಹಿಮ ಜೋರಾಗಿ ಬಿದ್ದ 2011ರಂಥ ವರ್ಷದಲ್ಲಿ ತಣ್ಣನೆಯ ಪ್ರವಾಹವೇ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಬರ ಬಂದರೆ ನಮ್ಮ ಇಡೀ ಬೇಸಿಗೆ ನೀರಿನಲ್ಲಿ ಹೋಮ. ಇದನ್ನು ನೋಡಿಯೇ 2021ರಲ್ಲಿ ಗ್ರೀನ್ ನದಿಯ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟಿನಿಂದ, ಗೂಡು ಕಟ್ಟುವ ಹೊತ್ತಿಗೆ ಸರಿಯಾಗಿ, ಕೆಲವು ದಿನ ತಣ್ಣೀರನ್ನು ಜಾಸ್ತಿ ಬಿಟ್ಟು ನೋಡಿದರು. ಸೆಳೆತಕ್ಕೆ ಕಾವಲು ಗಂಡು ಗೂಡು ಬಿಡುತ್ತದೆ, ಮರಿ ಕೊಚ್ಚಿಹೋಗುತ್ತದೆ. ಯಾಂಪಾದಲ್ಲಿ ಅಂಥ ದೊಡ್ಡ ಅಣೆಕಟ್ಟು ಇಲ್ಲ. ಅದೇ ಅದರ ಪುಣ್ಯ. ನಮ್ಮ ಕೆಲಸಕ್ಕೆ ಮಾತ್ರ ತಲೆನೋವು.

ಇನ್ನೊಂದು ಬುಡದ ಪ್ರಶ್ನೆ: ಹೊಸ ಮೀನು ಎಲ್ಲಿಂದ ಬರುತ್ತಿವೆ? ಮೀನಿನ ತಲೆಯೊಳಗೆ ಕಿವಿಯ ಕಲ್ಲು ಇರುತ್ತದೆ. ಮರದ ಹಾಗೆ ಅದರಲ್ಲಿ ವರ್ಷಕ್ಕೊಂದು ಉಂಗುರ. ಅದು ಬೆಳೆದ ನೀರಿನ ರಾಸಾಯನಿಕ ಗುರುತೂ ಅದರಲ್ಲೇ ಉಳಿದಿರುತ್ತದೆ. ಚಳಿಗಾಲವಿಡೀ ನಾನು ಆ ಕಲ್ಲು ತೆಗೆದು, ತೊಳೆದು, ಪುಟ್ಟ ಸೀಸೆಗೆ ಹಾಕುತ್ತಾ ಕೂತಿದ್ದೆ. ಇಂಥ ಕಲ್ಲು ನದಿಯಲ್ಲಿ ಸಿಕ್ಕ ಮೀನು ಯಾವ ಜಲಾಶಯದಲ್ಲಿ ಹುಟ್ಟಿತ್ತು ಅಂತ ಹೇಳಬಲ್ಲದು. ಮೇಲಿನಿಂದ ಸೋರುತ್ತಿದ್ದರೆ ಕೆಳಗೆ ಎಷ್ಟು ಬಳಿದರೂ ಅಷ್ಟೆ. 2016ರಲ್ಲಿ ಎಲ್ಕ್‌ಹೆಡ್‌ನ ನೀರು ಹೊರಬೀಳುವ ಕಡೆ ದೊಡ್ಡ ಬಲೆ ಕಟ್ಟಿದರು. ಅದೇ ವರ್ಷ ಅಲ್ಲಿ ಬ್ಯಾಸ್, ಪೈಕ್ ಹಿಡಿಯುವ ಸ್ಪರ್ಧೆಯೂ ಶುರುವಾಯಿತು. ಬಹುಮಾನದ ಆಸೆಗೆ ಬೈಯುವವರೂ ಬಂದು ಹಿಡಿದುಕೊಟ್ಟರು.

ಬೈಯುವವರು ತುಂಬ ಇದ್ದಾರೆ. ಕ್ರೇಗ್ ಊರಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಅಜ್ಜ ನಮ್ಮ ದೋಣಿ ನೋಡಿ, ‘ನನ್ನ ಮೊಮ್ಮಗ ಮೊದಲು ಹಿಡಿದ ಮೀನೇ ಪೈಕು. ಅದನ್ನು ಕಸ ಅಂತೀರಾ?’ ಅಂದ. ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಯಾಕೆಂದರೆ ಕಸ ಅನ್ನುವ ಮಾತಿಗೆ ಇಲ್ಲಿ ಒಂದು ಹಳೆಯ ಲೆಕ್ಕವಿದೆ. 1962ರ ಸೆಪ್ಟೆಂಬರಿನಲ್ಲಿ, ಫ್ಲೇಮಿಂಗ್ ಗಾರ್ಜ್‌ನಲ್ಲಿ ನೀರು ನಿಲ್ಲುವ ಮೊದಲು, ಟ್ರೌಟ್ ಸಾಕುವುದಕ್ಕೆ ಅಂತ ಗ್ರೀನ್ ನದಿ ಮತ್ತು ಅದರ ಉಪನದಿಗಳ ಸುಮಾರು 700 ಕಿ.ಮೀ. ಉದ್ದಕ್ಕೆ ರೋಟೆನೋನ್ ವಿಷ ಹಾಕಿದ್ದರು. ಆಗ ಕಸ ಅನ್ನಿಸಿಕೊಂಡಿದ್ದು ಇದೇ ಪೈಕ್‌ಮಿನ್ನೋ, ಇದೇ ಸಕ್ಕರ್. ಐದೇ ವರ್ಷಕ್ಕೆ, 1967ರಲ್ಲಿ, ಪೈಕ್‌ಮಿನ್ನೋ ಅಳಿವಿನಂಚಿನ ಪಟ್ಟಿ ಸೇರಿತು. ಹಾಗಾಗಿ ನಾನು ಆ ಪದ ಬಳಸುವುದಿಲ್ಲ. ಪೈಕನ್ನು ಸಾರು ಮಾಡಿ ತಿನ್ನುತ್ತೇನೆ. ಕವಲುಮುಳ್ಳು ಜಾಸ್ತಿ, ಆದರೆ ಹುಳಿ ಹಾಕಿ ಖಾರ ಅರೆದರೆ ಯಾವ ಮೀನಿಗೂ ಕಡಿಮೆಯಿಲ್ಲ.

ಊರಿಗೆ ಹೋದಾಗ ಆಫ್ರಿಕನ್ ಕ್ಯಾಟ್‌ಫಿಶ್ ಸುದ್ದಿ ಕೇಳುತ್ತೇನೆ. 2000ದಿಂದ ನಿಷೇಧ ಇದ್ದರೂ ಹೊಂಡಗಳಲ್ಲಿ ಸಾಕುತ್ತಾರೆ. ನೆರೆಗೆ ಹೊಂಡ ಉಕ್ಕಿದರೆ ಮೀನಿಗೆ ಹೊಳೆಯ ದಾರಿ ಯಾರೂ ತೋರಿಸಬೇಕಾಗಿಲ್ಲ. ಅಣ್ಣ ಕೇಳಿದ, ‘ಇಲ್ಲೂ ನಿಮ್ಮ ದೋಣಿ ತರಬಹುದಲ್ವಾ?’ ದೋಣಿಗೆ ಮೊದಲು ಹೊಂಡದ ಬದು ಎತ್ತರಿಸು ಅಂದೆ.

ನಾಲ್ಕನೇ ವರ್ಷದ ಕೊನೆಯ ಕೆಲಸ ಸೆಪ್ಟೆಂಬರಿನಲ್ಲಿ. ಕರಾವಳಿಯ ಕೈರಂಪಣಿಯ ಪುಟ್ಟ ತಂಗಿಯಂಥ ಬಲೆಯನ್ನು ಇಬ್ಬರು ಎರಡು ಕೋಲಿಗೆ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ ಎಳೆದು ಮರಿ ಎಣಿಸುವುದು. ಜೂನಿನಲ್ಲಿ ನಾವು ಏಳು ಗೂಡಿನ ಗಂಡುಗಳನ್ನು ಎತ್ತಿದ್ದ ತಿರುವಿಗೇ ಹೋದೆವು. ಬಲೆಯಲ್ಲಿ ಬ್ಯಾಸ್ ಮರಿ ಹನ್ನೊಂದು. ಅವುಗಳ ನಡುವೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಬೆಳ್ಳಗೆ ಮಿಂಚುವ ಮೂರು ಮರಿ. ರೌಂಡ್‌ಟೇಲ್ ಚಬ್, ಇಲ್ಲಿಯದೇ ಮೀನು. ಹಿಂದಿನ ಎರಡು ವರ್ಷ ಅದೇ ಜಾಗದ ಹಾಳೆಯಲ್ಲಿ ಆ ಕಾಲಮ್ಮಿಗೆ ಸೊನ್ನೆ ಬರೆದಿದ್ದು ನಾನೇ. ಮೇಸ್ತ್ರಿ ಬಗ್ಗಿ ನೋಡಿ, ‘ಮೂರಾ?’ ಅಂದರು. ಬಟ್ಟಲಿನಲ್ಲಿ ಅವು ಓಡಾಡುತ್ತಲೇ ಇದ್ದವು. ಇನ್ನೊಮ್ಮೆ ಎಣಿಸಿ, ‘ಮೂರು’ ಅಂತ ಬರೆದೆ.