ಮುಂಬಯಿಯ ಮಳೆಗಾಲದಲ್ಲಿ ಪಿಡಿಎಲ್‌ಸಿ ಗಾಜು ಮಾಡುವುದು ಹೇಗೆ

ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಕಡೆಯ ಆಫೀಸುಗಳಲ್ಲಿ ಸ್ವಿಚ್ ಒತ್ತಿದ ಕೂಡಲೇ ಮಸುಕು ಗಾಜು ತಿಳಿಯಾಗುವುದನ್ನು ನೋಡಿರುತ್ತೀರಿ. ಒಳಗಿರುವುದು ಪಿಡಿಎಲ್‌ಸಿ, ಅಂದರೆ ಪಾಲಿಮರ್‌ನಲ್ಲಿ ಸಿಕ್ಕಿಕೊಂಡ ಲಿಕ್ವಿಡ್ ಕ್ರಿಸ್ಟಲ್ (ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಸಾಲಾಗುವ ವಸ್ತು) ಹನಿಗಳು, ಒಂದೊಂದೂ ಮೈಕ್ರಾನ್ ಆಸುಪಾಸಿನ ಗಾತ್ರ. ಇಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಇದನ್ನು ಹಿಡಿದಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮೊದಲು ಕೇಳುವುದು, ಎಷ್ಟು ವೋಲ್ಟ್ ಕೊಡಬೇಕು ಅಂತ. ನನ್ನ ಕೇಳಿದರೆ ಅದು ಆಮೇಲಿನ ಮಾತು. ಗಾಜಿನ ಹಣೆಬರಹ ಬರೆಯುವುದು ಪಾಲಿಮರನ್ನು ಗಟ್ಟಿಮಾಡುವ ಯುವಿ (ಅತಿನೇರಳೆ) ದೀಪ.

ಲಿಕ್ವಿಡ್ ಕ್ರಿಸ್ಟಲ್‌ಗೆ ಇ7, ಪಾಲಿಮರ್‌ಗೆ ಎನ್‌ಒಎ65 ಅಂಟು ತಗೊಳ್ಳಿ, ಯುವಿ ಬಿದ್ದರೆ ಗಟ್ಟಿಯಾಗುವ ಅಂಟು ಇದು. ಈ ಜೋಡಿಯೇ ಯಾಕೆ? ಗಟ್ಟಿಯಾದ ಅಂಟಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ, 1.524. ಅಣುಗಳ ದಿಕ್ಕಿಗೆ ತಕ್ಕಂತೆ ಇ7ಗೆ ಎರಡಿವೆ, ಸುಮಾರು 1.52 ಮತ್ತು 1.74. ವೋಲ್ಟೇಜ್ ಕೊಟ್ಟಾಗ ಅಣುಗಳು ಎದ್ದು ನಿಲ್ಲುತ್ತವೆ, ನೇರ ಬರುವ ಬೆಳಕಿಗೆ ಹನಿಯೂ 1.52, ಸುತ್ತಲಿನ ಅಂಟೂ 1.52, ಹಾಗಾಗಿ ಅದು ಎಲ್ಲೂ ತಿರುಗದೆ ದಾಟಿ ಹೋಗುತ್ತದೆ. ವೋಲ್ಟೇಜ್ ತೆಗೆದರೆ ಅಣುಗಳು ದಿಕ್ಕಾಪಾಲು, ಬೆಳಕು ಚದುರುತ್ತದೆ.

ಐಟಿಒ (ಕರೆಂಟ್ ಹರಿಯುವ ಪಾರದರ್ಶಕ ಲೇಪ) ಲೇಪಿಸಿದ ಎರಡು ಗಾಜು ಬೇಕು. ಲೇಪ ಯಾವ ಕಡೆ ಅಂತ ಕಣ್ಣಿಗೆ ಕಾಣಲ್ಲ, ಮಲ್ಟಿಮೀಟರ್ ಇಟ್ಟು ನೋಡಿ, ಓಮ್ ತೋರಿಸಿದ ಕಡೆಯೇ ಲೇಪ. ಸೋಪು, ಡಿಸ್ಟಿಲ್ಡ್ ವಾಟರ್, ಐಸೊಪ್ರೊಪೈಲ್ ಆಲ್ಕೊಹಾಲ್, ಈ ಕ್ರಮದಲ್ಲಿ ತೊಳೆಯಿರಿ. ಜುಲೈನಲ್ಲಿ ಮುಂಬಯಿಯ ಗಾಳಿಯೇ ಒದ್ದೆ, ಅಲ್ವಾ? ಗಾಜನ್ನು ಹಾಟ್‌ಪ್ಲೇಟ್ ಮೇಲೆ 100 ಡಿಗ್ರಿಯಲ್ಲಿ ಒಣಗಿಸಿಯೇ ಮುಂದಕ್ಕೆ ಹೋಗಿ. ಲೇಪ ಒಳಮುಖವಾಗಿರಲಿ, ನಡುವೆ 20 ಮೈಕ್ರಾನ್ ದಪ್ಪದ ಮೈಲಾರ್ (ತೆಳು ಪ್ಲಾಸ್ಟಿಕ್ ಹಾಳೆ) ಪಟ್ಟಿ ಇಡಿ, ವೈರ್ ಸಿಕ್ಕಿಸಲು ಜಾಗ ಬೇಕಲ್ಲ, ಅದಕ್ಕೆ ಗಾಜುಗಳನ್ನು ಸ್ವಲ್ಪ ಹಿಂದುಮುಂದಾಗಿ ಕೂರಿಸಿ.

ಇ7, ಅಂಟು ಎರಡನ್ನೂ ಸಮ ತೂಕದಲ್ಲಿ ಸೇರಿಸಿ, 60 ಡಿಗ್ರಿ ಹತ್ತಿರ ಬಿಸಿ ಮಾಡಿ, ತಿಳಿಯಾಗುವ ತನಕ ಕಲಸಿ. ಕಿಟಕಿಯ ಬಿಸಿಲು ತಾಗಬಾರದು, ಅಂಟು ಅಲ್ಲೇ ಗಟ್ಟಿಯಾಗುತ್ತದೆ. ಗಾಜಿನ ಅಂಚಿಗೆ ಒಂದು ಹನಿ ಇಟ್ಟರೆ ಸಾಕು, ತಾನೇ ಒಳಗೆ ಎಳೆದುಕೊಳ್ಳುತ್ತದೆ.

ಈಗ 365 ನ್ಯಾನೊಮೀಟರ್ ಯುವಿ ದೀಪ. ಯುವಿ ತಡೆಯುವ ಕನ್ನಡಕ ಹಾಕದೆ ದೀಪ ಹಚ್ಚಬೇಡಿ. ತಿಳಿಯಾಗಿದ್ದ ಮಿಶ್ರಣ ನೋಡನೋಡುತ್ತಲೇ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅಂಟು ಗಟ್ಟಿಯಾಗುತ್ತಾ ಲಿಕ್ವಿಡ್ ಕ್ರಿಸ್ಟಲನ್ನು ಹೊರಗೆ ದೂಡುತ್ತಿದೆ, ಹನಿ ಹುಟ್ಟುತ್ತಿದೆ, ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗದ ಗಳಿಗೆ ಇದು. ದೀಪ ಜೋರಾಗಿದ್ದರೆ ಅಂಟು ಬೇಗ ಗಟ್ಟಿಯಾಗಿ ಹನಿಗಳು ಚಿಕ್ಕದಾಗೇ ಉಳಿಯುತ್ತವೆ, ಅವನ್ನು ತಿರುಗಿಸಲು ವೋಲ್ಟೇಜ್ ಜಾಸ್ತಿ ಬೇಕು. ಮಂದವಾಗಿದ್ದರೆ ಹನಿ ದೊಡ್ಡದು, ಕಡಿಮೆ ವೋಲ್ಟೇಜ್ ಸಾಕು, ಆದರೆ ತೀರಾ ದೊಡ್ಡದಾದರೆ ಮಸುಕು ದಟ್ಟವಾಗಿ ಬರಲ್ಲ. ಗಾಜಿನ ಬಿಸಿಯೂ ಲೆಕ್ಕಕ್ಕೆ ಬರುತ್ತದೆ, ಎಸಿ ಹಾಕಿದ ದಿನ ಒಂದು ಥರ, ಹಾಕದ ದಿನ ಇನ್ನೊಂದು ಥರ ಆಗಬಾರದು ಅಂದರೆ ಹಾಟ್‌ಪ್ಲೇಟನ್ನು 30 ಡಿಗ್ರಿಗೆ ಇಟ್ಟು ಅದರ ಮೇಲೇ ಕ್ಯೂರ್ ಮಾಡಿ, ಅಂದರೆ ಯುವಿಯಲ್ಲಿ ಗಟ್ಟಿಯಾಗಿಸಿ. ಒಂದೇ ಮಿಶ್ರಣದಿಂದ ಮೂರು ಗಾಜು ತುಂಬಿ, ದೀಪದ ಎತ್ತರ ಮಾತ್ರ ಬದಲಿಸಿ, ಬರೆದಿಡಿ.

ಈಗ ಗಾಜಿಗೆ ವೋಲ್ಟೇಜ್. ಡಿಸಿ (ಒಂದೇ ದಿಕ್ಕಿನ ಕರೆಂಟ್) ಕೊಡಲೇಬೇಡಿ, ಒಳಗಿನ ಅಯಾನುಗಳು ಒಂದೇ ಕಡೆ ಸರಿದು ಗಾಜು ಕೆಡುತ್ತದೆ. ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟೇ ಬೇಕು, ಆದರೆ ವೇರಿಯಾಕ್ (ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಟ್ರಾನ್ಸ್‌ಫಾರ್ಮರ್) ಒಂದನ್ನೇ ನಂಬಿ ಕೊಡಬೇಡಿ, ಅದಕ್ಕೆ ಮೇನ್ಸ್‌ನಿಂದ ಬೇರ್ಪಡೆ ಇರಲ್ಲ, ಶಾಕ್ ಹೊಡೆದರೆ ಜೀವಕ್ಕೇ ಅಪಾಯ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 24-0-24 ಟ್ರಾನ್ಸ್‌ಫಾರ್ಮರ್ ಕೇಳಿ. ನಡುವಿನ ವೈರ್‌ನಿಂದ ತುದಿಗೆ 24 ವೋಲ್ಟ್, ತುದಿಯಿಂದ ತುದಿಗೆ 48. ಮೇನ್ಸ್ ಕಡೆ ಫ್ಯೂಸ್, ಗಾಜಿನ ಜೊತೆ ಸೀರೀಸ್‌ನಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಇರಲಿ, ವೈರ್ ಮುಟ್ಟುವ ಮುಂಚೆ ಪ್ಲಗ್ ತೆಗೆಯಿರಿ.

ಗಾಜಿನ ಹಿಂದೆ ಅಕ್ಷರ ಇಟ್ಟು ನೋಡಿ. 48ಕ್ಕೂ ತಿಳಿಯಾಗದಿದ್ದರೆ ಮುಂದಿನ ಗಾಜಿಗೆ ದೀಪ ಇನ್ನಷ್ಟು ದೂರ ಇಡಿ, ಇಲ್ಲವೇ 10 ಮೈಕ್ರಾನ್ ಪಟ್ಟಿ ಹಾಕಿ. ಓರೆಯಾಗಿ ನೋಡಿದಾಗ ಮಬ್ಬು ಕಂಡರೆ ಗಾಬರಿ ಬೇಡ, ಓರೆ ಬೆಳಕಿಗೆ ಹನಿಯ ಸೂಚ್ಯಂಕ 1.52 ದಾಟುತ್ತದೆ, ಅಷ್ಟೇ. ಚೆನ್ನಾಗಿ ಬಂದ ಗಾಜಿನ ಅಂಚುಗಳಿಗೆ ಅವತ್ತೇ ಎಪಾಕ್ಸಿ ಹಚ್ಚಿ, ಇಲ್ಲಿನ ತೇವ ಅಲ್ಲಿಂದಲೇ ಒಳಗೆ ನುಗ್ಗುವುದು.