ಮನೆಯ ಸರ್ವರ್‌ಗೆ ಯಾವ ಬ್ಯಾಕಪ್? ರಿಸ್ಟೋರ್ ಕಡೆಯಿಂದ ಲೆಕ್ಕ ಹಾಕಿ

ಹೋದ ವರ್ಷ ಗೆಳೆಯರೊಬ್ಬರ ಮನೆಯ ಸರ್ವರ್ ಕೆಟ್ಟಿತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಅದು. ಒಂದೇ ಪಿಸಿಯೊಳಗೆ ಹಲವು ‘ಕಂಪ್ಯೂಟರ್’ ಓಡಿಸುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿ, ಅಂಥ 6 ವರ್ಚುವಲ್ ಮೆಷೀನ್ (ವಿಎಂ) ಓಡಿಸುತ್ತಿದ್ದರು. ಒಳಗಿದ್ದ ಎಸ್‌ಎಸ್‌ಡಿ ಸತ್ತಿತ್ತು. ಆದರೂ ಅವರಿಗೆ ಗಾಬರಿ ಇರಲಿಲ್ಲ. ರಾತ್ರಿ 2 ಗಂಟೆಗೆ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ಹೋಗುತ್ತಿತ್ತು, ದಿನವೂ ‘ಓಕೆ’ ಅಂತ ಬರುತ್ತಿತ್ತು.

ಹೊಸ ಎಸ್‌ಎಸ್‌ಡಿ ಹಾಕಿ ರಿಸ್ಟೋರ್ ಮಾಡಿದೆವು, ಅಂದರೆ ಬ್ಯಾಕಪ್‌ನಿಂದ ಎಲ್ಲವನ್ನೂ ವಾಪಸ್ ತಂದೆವು. ಮೆಷೀನ್ ಎದ್ದಿತು, ಲಾಗಿನ್ ಆಯಿತು. ಫೋಟೋ ಇರಬೇಕಾದ ಫೋಲ್ಡರ್ ಮಾತ್ರ ಖಾಲಿ. ಬ್ಯಾಕಪ್ ಫೈಲಿನ ಪಕ್ಕದಲ್ಲೇ ಇದ್ದ ಲಾಗ್ ತೆರೆದು ನೋಡಿದೆವು. ಪ್ರತಿದಿನವೂ ಅದೇ ಸಾಲು: ‘ಎಕ್ಸ್‌ಕ್ಲೂಡ್ ಡಿಸ್ಕ್ ಸ್ಕಸಿ1, ಬ್ಯಾಕಪ್=ನೋ’. ಅಂದರೆ ಎರಡನೇ ಡಿಸ್ಕನ್ನು ಬ್ಯಾಕಪ್‌ನಿಂದ ಬಿಟ್ಟಿದೆ. ಎಂದೋ ಒಮ್ಮೆ, ಜಾಗ ಸಾಲದು ಎಂದು ಎರಡನೇ ಡಿಸ್ಕಿನ ‘ಬ್ಯಾಕಪ್’ ಟಿಕ್ ತೆಗೆದಿದ್ದರು. ಮಗಳ ಮೊದಲ ಹುಟ್ಟುಹಬ್ಬದ ಫೋಟೋಗಳು ಅದರಲ್ಲೇ ಇದ್ದವು. ಒಂದು ಸಲ ರಿಸ್ಟೋರ್ ಮಾಡಿ ನೋಡಿದ್ದರೂ ಅವು ಉಳಿಯುತ್ತಿದ್ದವು. ಅದಕ್ಕೇ ಈ ಲೇಖನ.

ಹಂತ 1: ಗುಂಪು ಮಾಡಿ

ನಿಮ್ಮ ವಿಎಂಗಳ ಪಟ್ಟಿ ಬರೆಯಿರಿ. ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟಬಹುದಾದವು ಒಂದು ಕಡೆ, ಕಳೆದರೆ ಮತ್ತೆ ಸಿಗದವು ಇನ್ನೊಂದು ಕಡೆ. ಮನೆಯವರ ಫೋಟೋ, ಸ್ಕ್ಯಾನ್ ಮಾಡಿಟ್ಟ ಪಹಣಿ, ಪಾಸ್‌ವರ್ಡ್ ವಾಲ್ಟ್ ಎರಡನೇ ಗುಂಪಿಗೆ ಸೇರುತ್ತವೆ. ಕಲಿಯೋಕೆ ಅಂತ ಹಾಕಿದ ಕುಬರ್ನೆಟಿಸ್ (ಆ್ಯಪ್‌ಗಳನ್ನು ಹಲವು ಯಂತ್ರಗಳ ಮೇಲೆ ನಡೆಸುವ ತಂತ್ರಾಂಶ) ಮೊದಲನೆಯದಕ್ಕೆ.

ಹಂತ 2: ದಾರಿ ಆರಿಸಿ

ಸ್ನ್ಯಾಪ್‌ಶಾಟ್ (ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ಬ್ಯಾಕಪ್ ಅಲ್ಲ. ಅದು ಇರುವುದು ಅದೇ ಡಿಸ್ಕಿನಲ್ಲಿ. ರೇಡ್ (ಎರಡು ಡಿಸ್ಕಿಗೆ ಒಟ್ಟಿಗೇ ಬರೆಯುವ ವ್ಯವಸ್ಥೆ) ಕೂಡ ಬ್ಯಾಕಪ್ ಅಲ್ಲ, ಒಂದು ಕಡೆ ಅಳಿಸಿದ್ದು ಎರಡೂ ಡಿಸ್ಕಿನಲ್ಲಿ ಅಳಿಯುತ್ತದೆ.

ಎರಡು ಮೂರು ಚಿಕ್ಕ ವಿಎಂ ಮಾತ್ರ ಇದ್ದರೆ ಪ್ರಾಕ್ಸ್‌ಮಾಕ್ಸ್‌ನಲ್ಲೇ ಇರುವ ಬ್ಯಾಕಪ್ ಸಾಕು. ಮೋಡ್ ‘ಸ್ನ್ಯಾಪ್‌ಶಾಟ್’ (ಮೇಲೆ ಹೇಳಿದ್ದಲ್ಲ, ವಿಎಂ ನಿಲ್ಲಿಸದೆ ಬ್ಯಾಕಪ್ ತೆಗೆಯುವ ವಿಧಾನದ ಹೆಸರೂ ಇದೇ), ಕಂಪ್ರೆಷನ್ ‘ಝಡ್‌ಸ್ಟ್ಯಾಂಡರ್ಡ್’, ಗುರಿ ಬೇರೆ ಡಿಸ್ಕ್. ಇದರ ತೊಂದರೆ ಏನೆಂದರೆ, ಪ್ರತಿ ಸಲವೂ ಪೂರ್ತಿ ಪ್ರತಿ ತೆಗೆಯುತ್ತದೆ. 200 ಜಿಬಿ ತುಂಬಿದ ವಿಎಂ ಇದ್ದರೆ ಡಿಸ್ಕ್ ಬೇಗ ಭರ್ತಿ.

ಅದಕ್ಕಿಂತ ಜಾಸ್ತಿ ಇದ್ದರೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಎಂಬ ಪ್ರತ್ಯೇಕ ತಂತ್ರಾಂಶ ಹಾಕಿ. 2020ರ ನವೆಂಬರ್‌ನಲ್ಲಿ ಇದರ 1.0 ಆವೃತ್ತಿ ಬಂತು, ಬಳಕೆಗೆ ದುಡ್ಡಿಲ್ಲ. ವಿಎಂ ಡಿಸ್ಕನ್ನು ಇದು 4 ಎಂಬಿ ತುಂಡುಗಳಾಗಿ ಒಡೆಯುತ್ತದೆ. ಒಂದೇ ಥರದ ತುಂಡು ಎಷ್ಟು ವಿಎಂಗಳಲ್ಲಿ ಇದ್ದರೂ ಒಂದೇ ಸಲ ಇಟ್ಟುಕೊಳ್ಳುತ್ತದೆ. ಐದು ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ವಿಎಂ ಇದ್ದವರಿಗೆ ಇದರಿಂದ ಎಷ್ಟು ಜಾಗ ಉಳಿಯುತ್ತದೆ ನೋಡಿ! ಓಡುತ್ತಿರುವ ವಿಎಂನಲ್ಲಿ ಎಲ್ಲಿ ಬದಲಾಗಿದೆ ಎನ್ನುವುದನ್ನೂ ನೆನಪಿಡುತ್ತದೆ. ಹಾಗಾಗಿ ಎರಡನೇ ದಿನದಿಂದ ಬ್ಯಾಕಪ್ ಕೆಲವೇ ನಿಮಿಷ. ವಿಎಂ ಆಫ್ ಮಾಡಿ ಆನ್ ಮಾಡಿದರೆ ಆ ನೆನಪು ಹೋಗಿ ಡಿಸ್ಕನ್ನು ಮತ್ತೆ ಪೂರ್ತಿ ಓದುತ್ತದೆ. ಕರೆಂಟ್ ಹೋಗಿ ಬಂದ ರಾತ್ರಿ ಬ್ಯಾಕಪ್ ತಡವಾಯಿತೆಂದು ಹೆದರಬೇಡಿ.

ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನ ಸೆಂಡ್-ರಿಸೀವ್ (ಸ್ನ್ಯಾಪ್‌ಶಾಟನ್ನು ಇನ್ನೊಂದು ಯಂತ್ರಕ್ಕೆ ಕಳಿಸುವುದು) ಕೂಡ ಒಳ್ಳೆಯದೇ. ಆದರೆ ಎರಡೂ ಕಡೆ ಝಡ್‌ಎಫ್‌ಎಸ್ ಇರಬೇಕು, ಕಮಾಂಡ್ ಲೈನ್ ಕೈಗೆ ಒಗ್ಗಿರಬೇಕು. ಹೊಸಬರಿಗೆ ನಾನು ಹೇಳುವುದಿಲ್ಲ.

ಹಂತ 3: ಬೇರೆ ಯಂತ್ರದಲ್ಲಿ ಇಡಿ

ಬ್ಯಾಕಪ್ ಸರ್ವರನ್ನು ಅದೇ ಪಿಸಿಯೊಳಗೆ ಇನ್ನೊಂದು ವಿಎಂ ಮಾಡಿ, ಅದೇ ಡಿಸ್ಕಿಗೆ ಬರೆಸುವವರನ್ನು ಬಹಳ ನೋಡಿದ್ದೇನೆ. ದಯವಿಟ್ಟು ಬೇಡ. 4 ಜಿಬಿ ರ‍್ಯಾಮಿನ ಹಳೆಯ ಲ್ಯಾಪ್‌ಟಾಪ್ ಸಾಕು. ಡಿಸ್ಕ್ ಎಸ್‌ಎಸ್‌ಡಿ ಆಗಿರಲಿ. ಸಾವಿರಾರು ಚಿಕ್ಕ ಫೈಲುಗಳ ಕೆಲಸ ಇದು, ಹಾರ್ಡ್ ಡಿಸ್ಕಿನಲ್ಲಿ ತೆವಳುತ್ತದೆ.

ಇಲ್ಲೊಂದು ಎಚ್ಚರಿಕೆ. ಕೆಲವು ನೂರು ರೂಪಾಯಿಗೆ ‘2 ಟಿಬಿ’ ಎಂದು ಬರೆದ ಪೆನ್ ಡ್ರೈವ್ ಸಿಗುತ್ತದೆ. ಒಳಗೆ ನಿಜವಾಗಿ ಇರುವುದು ಕೆಲವೇ ಜಿಬಿ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಕಸ, ಆದರೆ ತಪ್ಪಾಗಿದೆ ಎಂಬ ಸಂದೇಶ ಬರುವುದಿಲ್ಲ. ಯಾವ ಡ್ರೈವ್ ತಂದರೂ ಎಫ್3 ಎಂಬ ಉಚಿತ ಸಾಧನದಿಂದ ಪೂರ್ತಿ ಬರೆದು, ಪೂರ್ತಿ ಓದಿ ನೋಡಿ.

ಹಂತ 4: ಗೆಸ್ಟ್ ಏಜೆಂಟ್

ಪ್ರತಿ ವಿಎಂ ಒಳಗೆ ಕ್ಯೂಇಎಂಯು ಗೆಸ್ಟ್ ಏಜೆಂಟ್ ಎಂಬ ಚಿಕ್ಕ ಪ್ರೋಗ್ರಾಂ ಹಾಕಿ, ಹೊರಗೆ ಪ್ರಾಕ್ಸ್‌ಮಾಕ್ಸ್‌ನಲ್ಲಿ ಆ ವಿಎಂನ ‘ಆಪ್ಷನ್ಸ್’ನಲ್ಲಿ ಆನ್ ಮಾಡಿ. ಆಮೇಲೆ ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಒಳಗಿಂದ ರೀಬೂಟ್ ಮಾಡಿದರೆ ಸಾಲದು. ಬ್ಯಾಕಪ್ ಶುರುವಾಗುವ ಕ್ಷಣದಲ್ಲಿ ಫೈಲ್ ಸಿಸ್ಟಮ್ಮನ್ನು ನಿಲ್ಲಿಸಿ ಹಿಡಿಯುವುದು ಇದರ ಕೆಲಸ. ಡೇಟಾಬೇಸ್ ಇದ್ದರೆ ಬ್ಯಾಕಪ್‌ಗೆ ಹತ್ತು ನಿಮಿಷ ಮುಂಚೆ ಒಂದು ಡಂಪ್ (ದಾಖಲೆಗಳನ್ನೆಲ್ಲ ಫೈಲಿಗೆ ಬರೆಸುವುದು) ಕೂಡ ತೆಗೆಸಿ. ಅದೊಂದು ಸಾಲಿನ ಕ್ರಾನ್ (ಹೇಳಿದ ಸಮಯಕ್ಕೆ ತಾನೇ ಓಡುವ ಕಮಾಂಡ್).

ಹಂತ 5: ಬೀಗ ಮತ್ತು ಕೀಲಿ

ಪ್ರಾಕ್ಸ್‌ಮಾಕ್ಸ್‌ಗೆ ಬ್ಯಾಕಪ್ ಸರ್ವರಿನ ರೂಟ್ ಪಾಸ್‌ವರ್ಡ್ ಕೊಡಬೇಡಿ. ‘ಡೇಟಾಸ್ಟೋರ್ ಬ್ಯಾಕಪ್’ ಎಂಬ ಪಾತ್ರದ (ಸೀಮಿತ ಅಧಿಕಾರದ) ಟೋಕನ್ ಕೊಡಿ, ಪಾಸ್‌ವರ್ಡ್ ಬದಲು ಬಳಸುವ ಗುರುತು ಅದು. ಅದರಿಂದ ಬ್ಯಾಕಪ್, ರಿಸ್ಟೋರ್ ಮಾಡಬಹುದು, ಹಳೆಯದನ್ನು ಅಳಿಸಲು ಆಗದು. ಅಳಿಸುವ ಕೆಲಸ ಬ್ಯಾಕಪ್ ಸರ್ವರ್ ಕಡೆಯಿಂದಲೇ ನಡೆಯಲಿ. ನಾನು 7 ದಿನದ್ದು, 4 ವಾರದ್ದು, 6 ತಿಂಗಳದ್ದು ಇಡುತ್ತೇನೆ. ‘ಪ್ರೂನ್’ (ಹಳೆಯ ಬ್ಯಾಕಪ್‌ಗಳನ್ನು ಪಟ್ಟಿಯಿಂದ ತೆಗೆಯುವುದು) ಆದ ಕೂಡಲೇ ಜಾಗ ಖಾಲಿಯಾಗುವುದಿಲ್ಲ, ಬೇಡದ ತುಂಡುಗಳನ್ನು ಅಳಿಸುವ ‘ಗಾರ್ಬೇಜ್ ಕಲೆಕ್ಷನ್’ ಓಡಬೇಕು. ಅದೂ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಯಾವ ಬ್ಯಾಕಪ್‌ಗೂ ಬಳಕೆಯಾಗದ ತುಂಡುಗಳನ್ನು ಮಾತ್ರ ತೆಗೆಯುತ್ತದೆ. ಡಿಸ್ಕ್ 95% ತುಂಬುವವರೆಗೆ ಕಾಯಬೇಡಿ.

ಎನ್‌ಕ್ರಿಪ್ಷನ್ ಹಾಕಿದರೆ ಕೀ ಇರುವುದು ಪ್ರಾಕ್ಸ್‌ಮಾಕ್ಸ್ ಯಂತ್ರದಲ್ಲಿ. ಆ ಯಂತ್ರ ಸತ್ತರೆ ಕೀಯೂ ಹೋಯಿತು, ಬ್ಯಾಕಪ್ ಬರೀ ಕಸ. ‘ಪ್ರಿಂಟ್ ಕೀ’ ಒತ್ತಿದರೆ ಕ್ಯೂಆರ್ ಕೋಡ್ ಸಮೇತ ಹಾಳೆ ಬರುತ್ತದೆ. ಮನೆಯ ಕಾಗದಪತ್ರ ಇಡುವ ಬೀರುವಿನಲ್ಲಿ ಅದನ್ನೂ ಇಡಿ.

ಹಂತ 6: ಮನೆಯಿಂದ ಹೊರಗೆ ಒಂದು ಪ್ರತಿ

ಬ್ಯಾಕಪ್ ಸರ್ವರಿನ 3.3ನೇ ಆವೃತ್ತಿಯಿಂದ, ಬೇಕಾದಾಗ ಕಳಚಿ ಜೋಡಿಸುವ ಡಿಸ್ಕನ್ನೂ ಡೇಟಾಸ್ಟೋರ್ (ಬ್ಯಾಕಪ್ ಇಡುವ ಜಾಗ) ಮಾಡಬಹುದು. ತಿಂಗಳಿಗೊಮ್ಮೆ ಸಿಂಕ್ ಮಾಡಿ, ಅಕ್ಕನ ಮನೆಯಲ್ಲಿ ಇಟ್ಟು ಬನ್ನಿ.

ಹಂತ 7: ರಿಸ್ಟೋರ್ ಮಾಡಿ ನೋಡಿ

ಎಲ್ಲರೂ ಬಿಡುವುದು ಇದನ್ನೇ. ನಿಧಾನವಾಗಿ ಮಾಡಿ.

ಭಾನುವಾರ ಬೆಳಿಗ್ಗೆ, ಎರಡನೇ ಗುಂಪಿನ ಒಂದು ವಿಎಂ ಆರಿಸಿ. ಮೊದಲು ಅದರ ಬ್ಯಾಕಪ್ ಲಾಗ್ ಓದಿ. ‘ಇನ್‌ಕ್ಲೂಡ್ ಡಿಸ್ಕ್’ ಸಾಲುಗಳನ್ನು ಎಣಿಸಿ, ಹಾರ್ಡ್‌ವೇರ್ ಪುಟದ ಡಿಸ್ಕುಗಳ ಜೊತೆ ಹೋಲಿಸಿ. ಪಿಸಿಐ ಪಾಸ್‌ತ್ರೂ ಮಾಡಿದ (ನೇರವಾಗಿ ವಿಎಂಗೇ ಒಪ್ಪಿಸಿದ) ಕಂಟ್ರೋಲರಿನ ಡಿಸ್ಕ್ ಇದರಲ್ಲಿ ಬರುವುದೇ ಇಲ್ಲ. ಕಂಟೇನರಿಗೆ (ವಿಎಂಗಿಂತ ಹಗುರವಾದ ವ್ಯವಸ್ಥೆ) ಬೈಂಡ್ ಮೌಂಟ್ ಮಾಡಿದ, ಅಂದರೆ ಹೊರಗಿನಿಂದ ಜೋಡಿಸಿದ ಫೋಲ್ಡರೂ ಬರುವುದಿಲ್ಲ. ಅವುಗಳಿಗೆ ಬೇರೆ ದಾರಿ ಮಾಡಬೇಕು.

ಈಗ ಸ್ಟೋರೇಜ್‌ಗೆ ಹೋಗಿ ತೀರಾ ಇತ್ತೀಚಿನ ಬ್ಯಾಕಪ್ ಆರಿಸಿ ‘ರಿಸ್ಟೋರ್’ ಒತ್ತಿ. ವಿಎಂ ಐಡಿ 901 ಅಂತ ಕೊಡಿ, ಹಳೆಯ ಐಡಿ ಬೇಡವೇ ಬೇಡ. ‘ಯೂನಿಕ್’ ಟಿಕ್ ಹಾಕಿ, ಹೊಸ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು) ಸಿಗುತ್ತದೆ. ‘ಸ್ಟಾರ್ಟ್ ಆಫ್ಟರ್ ರಿಸ್ಟೋರ್’ ಟಿಕ್ ಹಾಕಬೇಡಿ. ಶುರು ಮಾಡಿದ ಸಮಯ ಬರೆದಿಡಿ.

ಮುಗಿದ ಮೇಲೆ ಸ್ಟಾರ್ಟ್ ಒತ್ತುವ ಮುಂಚೆ 901ರ ನೆಟ್‌ವರ್ಕ್ ಡಿವೈಸ್ ತೆರೆದು ‘ಡಿಸ್‌ಕನೆಕ್ಟ್’ ಟಿಕ್ ಹಾಕಿ. ಮ್ಯಾಕ್ ಹೊಸದಾದರೂ ಒಳಗೆ ಬರೆದ ಐಪಿ ಹಳೆಯದೇ ಅಲ್ವಾ? ಎರಡೂ ಒಟ್ಟಿಗೆ ಎದ್ದರೆ ಜಗಳ ಖಂಡಿತ. ಮನೆಯ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಐಪಿ ಹುಡುಕಿಕೊಡುವ ಸೇವೆ) ಆ ವಿಎಂನಲ್ಲಿದ್ದರೆ ಎಲ್ಲರ ಇಂಟರ್ನೆಟ್ ನಿಲ್ಲುತ್ತದೆ.

ಕನ್ಸೋಲಿನಿಂದ ಲಾಗಿನ್ ಆಗಿ. ಸುಮ್ನೆ ಲಾಗಿನ್ ಆಯಿತು ಅಂತ ಎದ್ದು ಬರಬೇಡಿ. ನಿನ್ನೆ ಹಾಕಿದ ಫೋಟೋ ಇದೆಯಾ ಹುಡುಕಿ, ಅದರ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ತೆಗೆದು ಮೂಲದ್ದರ ಜೊತೆ ಹೋಲಿಸಿ. ಡೇಟಾಬೇಸಿನಲ್ಲಿ ಕೊನೆಯ ದಾಖಲೆ ಯಾವ ದಿನದ್ದು ಕೇಳಿ. ಸರ್ವಿಸ್‌ಗಳೆಲ್ಲ ಎದ್ದಿವೆಯಾ ನೋಡಿ. ಒಟ್ಟು ಎಷ್ಟು ಹೊತ್ತಾಯಿತು ಎನ್ನುವುದನ್ನು ಬರೆದಿಡಿ. ನಿಜವಾದ ತೊಂದರೆಯ ದಿನ ಮನೆಯವರಿಗೆ ಹೇಳಬೇಕಾದ ಸಮಯ ಅದೇ.

ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ವಿಎಂ ಹೀಗೆ ನೋಡಿ. ವರ್ಷಕ್ಕೊಮ್ಮೆ ಬೀರುವಿನ ಹಾಳೆಯಿಂದಲೇ ಕೀ ಹಾಕಿ, ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ.

ಕೊನೆಗೆ 901 ಆಫ್ ಮಾಡಿ ‘ರಿಮೂವ್’ ಒತ್ತಿ. ಖಚಿತಪಡಿಸಲು ಐಡಿ ಟೈಪ್ ಮಾಡು ಎಂದು ಕೇಳುತ್ತದೆ. ಆಗ ಒಮ್ಮೆ ನಿಂತು, ಕಿಟಕಿಯಲ್ಲಿ ಕಾಣುವ ಸಂಖ್ಯೆ 901 ಹೌದಾ ಎಂದು ಓದಿಕೊಂಡು ಟೈಪ್ ಮಾಡಿ.